ಕಾಯಿಲೆಯ ಪಾಲು, ಬಾಳಿನ ಪಾಲು

'ಆರೋಗ್ಯವೇ ಭಾಗ್ಯ' ಎಂಬುದು ಹಿರಿಯರ ಮಾತು. ಜ್ವರವೋ ಕೆಮ್ಮೋ ಬಂದು ನಾಲ್ಕು ದಿನ ಹಾಸಿಗೆ ಹಿಡಿದು ಎದ್ದವರಿಗೆ ಈ ಮಾತಿನ ಬೆಲೆ ಚೆನ್ನಾಗಿ ತಿಳಿಯುತ್ತದೆ. ಕಳೆದುಹೋದ ಒಡವೆ ಮರಳಿ ಕೈಸೇರಿದಾಗ ಆಗುವ ಹಿಗ್ಗು ಅವರದು. ಆದರೆ ಬಂದ ಕಾಯಿಲೆ ಮರಳಿ ಹೋಗದೆ ಉಳಿದರೆ? ಎಳೆಯ ವಯಸ್ಸಿನಲ್ಲಿ ಬಂದು ಬದುಕಿನ ಕೊನೆಯವರೆಗೂ ಜೊತೆಯಲ್ಲಿಯೇ ಇರುವ ಕಾಯಿಲೆಗಳೂ ಲೋಕದಲ್ಲಿ ಉಂಟು. ಅಂಥ ಕಾಯಿಲೆಯುಳ್ಳ ಹುಡುಗಿಯನ್ನು ಭಾಗ್ಯಹೀನಳೆಂದು ತಿಳಿಯಬೇಕೆ? ಅವಳ ಪಾಲಿಗೆ ಚೆನ್ನಾಗಿ ಬಾಳುವುದು ಎಂದರೆ ಏನು? ಈ ಪ್ರಶ್ನೆಗಳಿಗೆ ಬೋಧನೆಯ ಮಾತುಗಳಿಗಿಂತಲೂ ಬಾಳಿ ತೋರಿಸಿದವರ ಜೀವನವೇ ಒಳ್ಳೆಯ ಉತ್ತರ. ಅಂಥ ಇಬ್ಬರು ಹೆಣ್ಣುಮಕ್ಕಳ ಬಾಳು ಇಲ್ಲಿ ಸ್ಮರಣೀಯವಾಗಿದೆ. ಇಬ್ಬರಿಗೂ ಇದ್ದ ಕಾಯಿಲೆ ಒಂದೇ. ಅದರೊಡನೆ ಅವರು ನಡೆದ ದಾರಿಗಳು ಮಾತ್ರ ಬೇರೆ ಬೇರೆ.

ಆ ಕಾಯಿಲೆ ಒಂದನೆಯ ಬಗೆಯ ಮಧುಮೇಹ. ಜಠರದ ಹಿಂಬದಿಯಲ್ಲಿ ಮೇದೋಜೀರಕ ಗ್ರಂಥಿ ಎಂಬ ಅಂಗವಿದೆ. ಅದರಲ್ಲಿರುವ ಕೆಲವು ಜೀವಕೋಶಗಳು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತವೆ. ಉಂಡ ಅನ್ನ, ಮುದ್ದೆ, ಹಣ್ಣುಹಂಪಲುಗಳಲ್ಲಿನ ಪಿಷ್ಟ ಮತ್ತು ಸಿಹಿ ಅಂಶಗಳು ಜೀರ್ಣವಾಗಿ, ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಆ ಸಕ್ಕರೆ ಮಾಂಸಖಂಡಗಳ ಒಳಹೊಕ್ಕು ಶಕ್ತಿಯಾಗಬೇಕಾದರೆ ಇನ್ಸುಲಿನ್ ಬೇಕೇ ಬೇಕು. ಕೆಲವರಲ್ಲಿ, ಹೆಚ್ಚಾಗಿ ಮಕ್ಕಳಲ್ಲಿ ಮತ್ತು ತರುಣರಲ್ಲಿ, ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ತಪ್ಪು ತಿಳಿದು ಈ ಜೀವಕೋಶಗಳನ್ನು ನಾಶಮಾಡಿಬಿಡುತ್ತದೆ. ಆಗ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ದೇಹ ಉಪವಾಸ ಬೀಳುತ್ತದೆ. ಅಡಗದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ದಿನದಿನಕ್ಕೆ ಇಳಿಯುವ ತೂಕ, ಇವು ಅದರ ಲಕ್ಷಣಗಳು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಸಿಹಿ ತಿಂದುದರಿಂದ ಬಂದುದೂ ಅಲ್ಲ. ತಂದೆತಾಯಿಗಳ ತಪ್ಪಿನ ಫಲವೂ ಅಲ್ಲ.

ಎಲಿಜಬೆತ್ ಹ್ಯೂಸ್ ಅಮೆರಿಕದ ಒಂದು ಪ್ರಸಿದ್ಧ ಮನೆತನದಲ್ಲಿ 1907ರಲ್ಲಿ ಹುಟ್ಟಿದಳು. ಆಗ ಅವಳ ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರು ನ್ಯೂಯಾರ್ಕ್ ಸಂಸ್ಥಾನದ ಗವರ್ನರ್ ಆಗಿದ್ದರು. ಮುಂದೆ ಅವರು ವಿದೇಶಾಂಗ ಖಾತೆಯನ್ನು ನಿರ್ವಹಿಸಿ, ಆ ದೇಶದ ಶ್ರೇಷ್ಠ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರೂ ಆದರು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ 1919ರಲ್ಲಿ, ಹನ್ನೊಂದು ವರ್ಷದ ಎಲಿಜಬೆತ್‌ಗೆ ಮಧುಮೇಹವಿರುವುದು ತಿಳಿದುಬಂದಾಗ, ಆ ಮನೆಯ ಸಂಪತ್ತಾಗಲಿ ಅಧಿಕಾರವಾಗಲಿ ಕೊಂಡು ತರಬಹುದಾದ ಔಷಧಿ ಜಗತ್ತಿನಲ್ಲಿಯೇ ಇರಲಿಲ್ಲ. ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಡಾ. ಫ್ರೆಡರಿಕ್ ಅಲೆನ್ ಎಂಬ ವೈದ್ಯರು ಆ ಕಾಲದಲ್ಲಿ ಒಂದು ಕಠಿಣ ಚಿಕಿತ್ಸೆಯನ್ನು ರೂಢಿಗೆ ತಂದಿದ್ದರು. ದೇಹ ಸಕ್ಕರೆಯನ್ನು ಬಳಸಿಕೊಳ್ಳಲಾರದಾದರೆ ಆಹಾರವನ್ನೇ ಕಡಿಮೆ ಮಾಡುವುದು ಅವರ ವಿಧಾನ. ಅದರಿಂದ ರೋಗ ಗುಣವಾಗುತ್ತಿರಲಿಲ್ಲ. ಸಾವು ಕೆಲವು ಕಾಲ ಮುಂದಕ್ಕೆ ಹೋಗುತ್ತಿತ್ತು, ಅಷ್ಟೆ. ಬೆಳೆಯುವ ಹುಡುಗಿಗೆ ದಿನಕ್ಕೆ 2000 ಕ್ಯಾಲೊರಿಗಳಷ್ಟಾದರೂ ಆಹಾರ ಬೇಕು. ಎಲಿಜಬೆತ್‌ಗೆ ಕೆಲವು ಕಾಲ 400ರಷ್ಟು, ಕೆಲವು ಕಾಲ 800ರಷ್ಟು ಮಾತ್ರ ಸಿಗುತ್ತಿತ್ತು. ನಡುನಡುವೆ ಪೂರ್ಣ ಉಪವಾಸದ ದಿನಗಳೂ ಇದ್ದವು. ಪ್ರತಿಯೊಂದು ತುತ್ತನ್ನೂ ತೂಗಿ ಕೊಡಲಾಗುತ್ತಿತ್ತು.

ಹೀಗೆ ಮೂರು ವರ್ಷಗಳು ಕಳೆದವು. ಈ ವರ್ಷಗಳನ್ನು ಎಲಿಜಬೆತ್ ಹೇಗೆ ಕಳೆದಳೆಂಬುದು ಗಮನಿಸತಕ್ಕ ಸಂಗತಿ. ಅವಳು ಪುಸ್ತಕಗಳನ್ನು ಓದಿದಳು. ದೂರದಲ್ಲಿದ್ದ ತಾಯಿಗೆ ಉದ್ದುದ್ದನೆಯ ಪತ್ರಗಳನ್ನು ಬರೆದಳು. ಹುಟ್ಟುಹಬ್ಬದ ದಿನ ಅವಳಿಗೆ ಕೇಕು ತಿನ್ನುವಂತಿರಲಿಲ್ಲ. ಆದುದರಿಂದ ಟೋಪಿಯ ಪೆಟ್ಟಿಗೆಯೊಂದಕ್ಕೆ ಗುಲಾಬಿ ಮತ್ತು ಬಿಳಿಯ ಬಣ್ಣದ ಕಾಗದ ಸುತ್ತಿ, ಅದರ ಮೇಲೆ ಮೋಂಬತ್ತಿಗಳನ್ನು ನಿಲ್ಲಿಸಿ, ಅದನ್ನೇ ಕೇಕೆಂದು ಇಟ್ಟರು. ವನಭೋಜನಕ್ಕೆ ಹೋದಾಗ ಇತರರು ಮೀನು, ಜೋಳ, ಕಲ್ಲಂಗಡಿ ಹಣ್ಣುಗಳನ್ನು ಸವಿಯುತ್ತಿದ್ದರೆ, ಅವಳು ತನ್ನದೇ ಆದ ಪುಟ್ಟ ಬಾಣಲೆಯಲ್ಲಿ ಮೊಟ್ಟೆಯ ದೋಸೆ ಮಾಡಿಕೊಳ್ಳುತ್ತಿದ್ದಳು. ತಿನ್ನಲಾರದ ಕೇಕಿನ ಮುಂದೆಯೂ ಹುಟ್ಟುಹಬ್ಬ ಹುಟ್ಟುಹಬ್ಬವೇ. ಬೇರೆಯ ಬಾಣಲೆ ಹಿಡಿದು ಕುಳಿತರೂ ವನಭೋಜನ ವನಭೋಜನವೇ. ಕಾಯಿಲೆ ಊಟವನ್ನು ಕಸಿದುಕೊಂಡಿತ್ತು. ಜೊತೆಗೂಡುವ ಸಂತೋಷವನ್ನು ಕಸಿದುಕೊಳ್ಳಲು ಆ ಮನೆಯವರು ಬಿಡಲಿಲ್ಲ.

ಅಷ್ಟರಲ್ಲಿ ಕೆನಡ ದೇಶದ ಟೊರಾಂಟೊ ನಗರದಲ್ಲಿ ಮಹತ್ತರವಾದ ಕಾರ್ಯವೊಂದು ನಡೆದಿತ್ತು. 1921ರ ಬೇಸಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬ ತರುಣರು ಪ್ರಾಧ್ಯಾಪಕ ಮ್ಯಾಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ ಮೇದೋಜೀರಕ ಗ್ರಂಥಿಯ ಸಾರವನ್ನು ತೆಗೆಯಲು ತೊಡಗಿದರು. ಕಾಲಿಪ್ ಎಂಬ ರಸಾಯನವಿಜ್ಞಾನಿ ಅದನ್ನು ಶುದ್ಧಗೊಳಿಸುವ ಕ್ರಮವನ್ನು ಕಂಡುಹಿಡಿದನು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಅದನ್ನು ಚುಚ್ಚಿದರು. ಸಾವಿನ ಅಂಚಿನಲ್ಲಿದ್ದವನು ಚೇತರಿಸಿಕೊಂಡನು. ಆದರೆ ಆಗ ಇನ್ಸುಲಿನ್ ಬೇಕಾಗಿದ್ದವರು ಸಾವಿರಾರು ಮಂದಿ. ತಯಾರಾಗುತ್ತಿದ್ದುದು ಕೆಲವೇ ಮಂದಿಗೆ ಸಾಲುವಷ್ಟು. ಎಲಿಜಬೆತ್‌ಳ ತಾಯಿ ಬರೆದ ಪತ್ರಕ್ಕೆ ಬ್ಯಾಂಟಿಂಗ್ ಅವರಿಂದ ಮೊದಲು ಬಂದ ಉತ್ತರ ಇಲ್ಲವೆಂದೇ. ಆಮೇಲೆ ಅವರು ಒಪ್ಪಿಕೊಂಡರು. ಅದೇ ವೇಳೆಯಲ್ಲಿ ಅನೇಕ ಮಕ್ಕಳು ಇನ್ಸುಲಿನ್ ಸಿಗದೆ ತೀರಿಕೊಂಡರೆಂಬುದನ್ನೂ ಮರೆಯಲಾಗದು.

1922ರ ಆಗಸ್ಟ್ ತಿಂಗಳಲ್ಲಿ ಎಲಿಜಬೆತ್ ಟೊರಾಂಟೊ ತಲಪಿದಾಗ ಅವಳಿಗೆ ಹದಿನೈದು ತುಂಬಲು ಕೆಲವೇ ದಿನಗಳಿದ್ದವು. ಐದು ಅಡಿ ಎತ್ತರದ ಆ ಹುಡುಗಿಯ ತೂಕ 45 ಪೌಂಡು, ಎಂದರೆ ಸುಮಾರು 20 ಕಿಲೊಗ್ರಾಂ. ಚರ್ಮ ಒಣಗಿ, ಕೂದಲು ಉದುರಿ, ನಡೆಯಲೂ ಶಕ್ತಿಯಿಲ್ಲದಂತಾಗಿತ್ತು. ಇನ್ಸುಲಿನ್ ಆರಂಭವಾದ ಕೆಲವೇ ವಾರಗಳಲ್ಲಿ ಅವಳ ಊಟ 2000 ಕ್ಯಾಲೊರಿಗಳನ್ನು ದಾಟಿತು. ಮೂರು ವರ್ಷಗಳ ಬಳಿಕ ಅವಳು ಬ್ರೆಡ್ ತಿಂದಳು. ಆ ಸಂತೋಷವನ್ನು ತಾಯಿಗೆ ಬರೆದಳು. ಚಳಿಗಾಲ ಬರುವ ಹೊತ್ತಿಗೆ ಮೈತುಂಬಿಕೊಂಡು ಮನೆಗೆ ಹಿಂದಿರುಗಿದಳು.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಇನ್ಸುಲಿನ್ ಕಾಯಿಲೆಯನ್ನು ಗುಣಪಡಿಸುವ ಔಷಧಿಯಲ್ಲ; ದೇಹ ತಾನೇ ಮಾಡಿಕೊಳ್ಳಲಾರದ ಕೆಲಸವನ್ನು ಅದು ಹೊರಗಿನಿಂದ ಮಾಡಿಕೊಡುತ್ತದೆ. ಇಂದು ಚುಚ್ಚಿಕೊಂಡರೆ ಇಂದಿಗೆ ಆಯಿತು. ನಾಳೆ ಮತ್ತೆ ಬೇಕು. ಆ ಕಾಲದಲ್ಲಿ ಗಾಜಿನ ಸಿರಿಂಜನ್ನು ನೀರಿನಲ್ಲಿ ಕುದಿಸಬೇಕಾಗಿತ್ತು. ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ಮಸೆಯಬೇಕಾಗಿತ್ತು. ವಿಜ್ಞಾನದ ಪಾಠದಲ್ಲಿ ಬರುವ ಬೆನೆಡಿಕ್ಟ್ ದ್ರಾವಣವನ್ನು ಮೂತ್ರದೊಡನೆ ಬೆರೆಸಿ ಕಾಯಿಸಿ, ಬಣ್ಣ ನೋಡಿ, ಸಕ್ಕರೆಯ ಪ್ರಮಾಣವನ್ನು ಊಹಿಸಬೇಕಾಗಿತ್ತು. ಎಲಿಜಬೆತ್ 58 ವರ್ಷಗಳ ಕಾಲ ಇನ್ಸುಲಿನ್ ತೆಗೆದುಕೊಂಡಳು. ದಿನಕ್ಕೆ ಎರಡರಂತೆ ಲೆಕ್ಕ ಹಾಕಿದರೆ ಅದು ಸುಮಾರು 42,000 ಚುಚ್ಚುಮದ್ದುಗಳಾಗುತ್ತದೆ. ಹಬ್ಬವೆಂದು ಅದಕ್ಕೆ ಬಿಡುವಿಲ್ಲ, ಬೇಸರವೆಂದು ರಜೆಯಿಲ್ಲ. ಒಂದು ದಿನದ ಸಾಹಸವನ್ನು ಲೋಕ ಕೊಂಡಾಡುತ್ತದೆ. 42,000 ಸಲ ಸದ್ದಿಲ್ಲದೆ ಮಾಡಿದ ಈ ಕೆಲಸವನ್ನು ಕಂಡವರಾದರೂ ಯಾರು?

ಈ ಕೆಲಸವನ್ನು ಮಾಡಿ ಮುಗಿಸಿದ ಮೇಲೆ ಉಳಿದ ದಿನವೆಲ್ಲ ಅವಳದಾಗಿತ್ತು. ಅವಳು ಬರ್ನಾರ್ಡ್ ಕಾಲೇಜಿನಲ್ಲಿ ಓದಿ 1929ರಲ್ಲಿ ಪದವಿ ಪಡೆದಳು. 1930ರಲ್ಲಿ ವಿಲಿಯಂ ಗಾಸೆಟ್ ಎಂಬ ನ್ಯಾಯವಾದಿಯನ್ನು ಮದುವೆಯಾದಳು. ಮೂರು ಮಕ್ಕಳ ತಾಯಿಯಾದಳು. ಸಾರ್ವಜನಿಕ ಕಾರ್ಯಗಳಲ್ಲಿ ತೊಡಗಿ, ಶ್ರೇಷ್ಠ ನ್ಯಾಯಾಲಯದ ಇತಿಹಾಸವನ್ನು ಕಾಪಾಡಲು 1974ರಲ್ಲಿ ಸ್ಥಾಪಿತವಾದ ಸಂಘದ ಮೊದಲ ಅಧ್ಯಕ್ಷೆಯಾದಳು. 1981ರಲ್ಲಿ, ತನ್ನ 73ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಹದಿನೈದನ್ನು ದಾಟುವಳೇ ಎಂಬ ಶಂಕೆಯಿದ್ದ ಹುಡುಗಿ ತುಂಬು ಬಾಳನ್ನು ಬಾಳಿದಳು.

ಆದರೆ ಈ ಬಾಳಿಗೆ ಇನ್ನೊಂದು ಮುಖವೂ ಉಂಟು. ತನ್ನ ಕಾಯಿಲೆಯ ವಿಷಯವನ್ನು ಎಲಿಜಬೆತ್ ತೀರ ಹತ್ತಿರದವರ ಹೊರತು ಬೇರೆ ಯಾರಿಗೂ ತಿಳಿಸಲಿಲ್ಲ. ಹಸಿವಿನ ದಿನಗಳ ತನ್ನ ಚಿತ್ರಗಳನ್ನು ನಾಶಮಾಡಿದಳು. ತಂದೆಯ ಕಾಗದಪತ್ರಗಳಲ್ಲಿ ಕಾಯಿಲೆಯ ಪ್ರಸ್ತಾಪವಿದ್ದೆಡೆಗಳನ್ನು ತೆಗೆಸಿದಳು. ಇನ್ಸುಲಿನ್ ಶೋಧದ ಚರಿತ್ರೆಯನ್ನು ಬರೆಯುತ್ತಿದ್ದ ಮೈಕೆಲ್ ಬ್ಲಿಸ್ ಎಂಬ ಇತಿಹಾಸಕಾರನು 1980ರಲ್ಲಿ ಅವಳನ್ನು ಪತ್ತೆಹಚ್ಚಿದಾಗ, ಆಕೆ ಇನ್ನೂ ಬದುಕಿರುವಳೆಂಬುದೇ ಅವನಿಗೆ ಆಶ್ಚರ್ಯದ ಸಂಗತಿಯಾಗಿತ್ತು.

ಅವಳು ಹೀಗೇಕೆ ಮಾಡಿದಳು? ಕಾಯಿಲೆಯ ಹೆಸರು ಒಮ್ಮೆ ಹೊರಬಿದ್ದರೆ ಜನ ಹುಡುಗಿಯನ್ನು ಕಾಣುವುದನ್ನು ಬಿಟ್ಟು ಕಾಯಿಲೆಯನ್ನೇ ಕಾಣುತ್ತಾರೆ. 'ಅಯ್ಯೋ ಪಾಪ' ಎಂಬ ಎರಡು ಮಾತುಗಳು ಎಷ್ಟೋ ವೇಳೆ ಸೂಜಿಗಿಂತ ಹೆಚ್ಚು ನೋಯಿಸುತ್ತವೆ. ತನ್ನ ಕಾಯಿಲೆಯನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂದು ನಿರ್ಧರಿಸುವ ಹಕ್ಕು ಅದನ್ನು ಹೊತ್ತವಳದೇ. ಆದುದರಿಂದ ಎಲಿಜಬೆತ್‌ಳನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಆದರೂ ಒಂದು ಯೋಚನೆ ಬಾರದಿರದು. ಅವಳ ಕಾಲದಲ್ಲಿಯೇ ಅದೇ ಸೂಜಿಯನ್ನು ಹಿಡಿದ ಎಷ್ಟೋ ಹುಡುಗಿಯರು, ತಮಗೆ ಓದು ಉಂಟೇ, ಮದುವೆ ಉಂಟೇ, ಮಕ್ಕಳು ಉಂಟೇ ಎಂದು ತಳಮಳಿಸುತ್ತಿದ್ದಿರಬೇಕು. ಉಂಟೆಂದು ಹೇಳಬಲ್ಲ ಜೀವವೊಂದು ಇದ್ದಿತು. ಅದರ ಸುದ್ದಿ ಅವರಿಗೆ ಮುಟ್ಟಲಿಲ್ಲ.

ಎರಡನೆಯವಳು ಈವಾ ಸ್ಯಾಕ್ಸಲ್. ಇವಳು 1921ರಲ್ಲಿ, ಇನ್ಸುಲಿನ್ನಿನ ಶೋಧ ನಡೆದ ವರ್ಷದಲ್ಲಿಯೇ, ಪ್ರಾಗ್ ನಗರದಲ್ಲಿ ಜನಿಸಿದಳು. ಯೆಹೂದ್ಯರಿಗೆ ಯುರೋಪಿನಲ್ಲಿ ಉಳಿಗಾಲವಿಲ್ಲದಂತಾದಾಗ ಪತಿ ವಿಕ್ಟರನೊಡನೆ ಚೀನ ದೇಶದ ಶಾಂಘೈ ನಗರಕ್ಕೆ ಓಡಿಬಂದಳು. ಅಲ್ಲಿ ಅವಳಿಗೆ ಮಧುಮೇಹ ಕಾಣಿಸಿಕೊಂಡಿತು. ಆಗ ಅವಳಿನ್ನೂ ತರುಣಿ. 1941ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿದು ನಗರವನ್ನು ವಶಪಡಿಸಿಕೊಂಡ ಮೇಲೆ ಔಷಧಿ ಬರುವ ದಾರಿಗಳು ಮುಚ್ಚಿಹೋದವು. ಇನ್ಸುಲಿನ್ ಇಲ್ಲದೆ ಅವಳು ಬದುಕುವಂತಿರಲಿಲ್ಲ.

ದಂಪತಿಗಳಿಬ್ಬರೂ ವೈದ್ಯರಲ್ಲ, ವಿಕ್ಟರ್ ಬಟ್ಟೆಯ ಗಿರಣಿಗಳ ಎಂಜಿನಿಯರ್. ವೈದ್ಯಗ್ರಂಥವೊಂದರಲ್ಲಿ ಟೊರಾಂಟೊದ ಸಂಶೋಧಕರು ಅನುಸರಿಸಿದ ಕ್ರಮದ ವಿವರಣೆಯಿತ್ತು. ಅದನ್ನು ಓದಿ, ಚೀನೀ ರಸಾಯನವಿಜ್ಞಾನಿಯೊಬ್ಬರ ಪ್ರಯೋಗಶಾಲೆಯಲ್ಲಿ ಸ್ಥಳ ಪಡೆದು, ಕಸಾಯಿಖಾನೆಯಿಂದ ಎಮ್ಮೆಗಳ ಮೇದೋಜೀರಕ ಗ್ರಂಥಿಗಳನ್ನು ತಂದು, ಅವರು ತಾವೇ ಇನ್ಸುಲಿನ್ ತೆಗೆಯಲು ಹೊರಟರು. ಬಹಳ ದಿನಗಳ ಶ್ರಮದ ಬಳಿಕ ಕಂದು ಬಣ್ಣದ ದ್ರವವೊಂದು ದೊರೆಯಿತು. ಮೊಲಗಳ ಮೇಲೆ ಅದರ ಶಕ್ತಿಯನ್ನು ಪರೀಕ್ಷಿಸಿ ನೋಡಿದರು. ಬಳಿಕ ಈವಾ ಅದನ್ನು ತನ್ನ ಮೈಗೆ ಚುಚ್ಚಿಸಿಕೊಂಡಳು. ಔಷಧಿ ಫಲಕೊಟ್ಟಿತು. ತಮ್ಮ ಅಗತ್ಯ ಪೂರೈಸಿತೆಂದು ಅವರು ಸುಮ್ಮನಾಗಲಿಲ್ಲ. ಆ ನಗರದಲ್ಲಿ ಅದೇ ಕಾಯಿಲೆಯಿಂದ ನರಳುತ್ತಿದ್ದ 200ಕ್ಕೂ ಹೆಚ್ಚು ಜನರಿಗೆ, ಯುದ್ಧ ಮುಗಿದ 1945ರವರೆಗೆ, ಆ ಕಂದು ದ್ರವವೇ ಜೀವಾಧಾರವಾಯಿತು.

ಯುದ್ಧಾನಂತರ ಈವಾ ಅಮೆರಿಕಕ್ಕೆ ಹೋದಳು. ತನ್ನ ಕಾಯಿಲೆಯನ್ನು ಮರೆಮಾಡದೆ, ಆ ದೇಶದ ಮಧುಮೇಹ ಸಂಘದ ಪರವಾಗಿ ಊರೂರುಗಳಲ್ಲಿ ಮಾತನಾಡಿದಳು. ಹೊಸದಾಗಿ ಕಾಯಿಲೆ ಬಂದ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಧೈರ್ಯ ಹೇಳಿದಳು. ಪತಿ ತೀರಿಕೊಂಡ ಬಳಿಕ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ನೆಲಸಿ, ಅಲ್ಲಿಯೂ ಅದೇ ಸೇವೆಯನ್ನು ಮುಂದುವರಿಸಿ 2002ರಲ್ಲಿ ಕಣ್ಮುಚ್ಚಿದಳು.

ಒಬ್ಬಳು ಮೌನವನ್ನು ಆರಿಸಿಕೊಂಡಳು. ಇನ್ನೊಬ್ಬಳು ಮಾತನ್ನು ಆರಿಸಿಕೊಂಡಳು. ಆದರೂ ಇಬ್ಬರ ಬಾಳಿನಲ್ಲಿಯೂ ಒಂದು ಸಾಮ್ಯವಿದೆ. ಕಾಯಿಲೆಗೆ ಪ್ರತಿದಿನವೂ ಸಲ್ಲಬೇಕಾದ ಪಾಲನ್ನು ಅವರು ಲೋಭವಿಲ್ಲದೆ ಸಲ್ಲಿಸಿದರು: ಹೊತ್ತಿಗೆ ಸರಿಯಾಗಿ ಚುಚ್ಚುಮದ್ದು, ಅಳತೆಯ ಊಟ, ಪರೀಕ್ಷೆ, ಎಚ್ಚರ. ಆ ಪಾಲನ್ನು ಕೊಟ್ಟ ಮೇಲೆ ಉಳಿದುದನ್ನು ಕಾಯಿಲೆಗೆ ಬಿಟ್ಟುಕೊಡಲಿಲ್ಲ. ಚೆನ್ನಾಗಿ ಬಾಳುವುದೆಂದರೆ ಸದಾ ನಗುತ್ತಿರುವುದೆಂದು ತಿಳಿಯಬೇಕಾಗಿಲ್ಲ. ದಣಿವು, ಸಿಟ್ಟು, ಅಳು ಎಲ್ಲವೂ ಇಂಥ ಬಾಳಿನಲ್ಲಿ ಇರುತ್ತವೆ. ಎಷ್ಟು ಎಚ್ಚರದಿಂದಿದ್ದರೂ ಕೆಲವರಿಗೆ ಕಾಲಕ್ರಮದಲ್ಲಿ ಕಣ್ಣಿಗೋ ಮೂತ್ರಪಿಂಡಕ್ಕೋ ತೊಂದರೆ ತಲೆದೋರುವುದುಂಟು. ಅಳುತ್ತಲೇ ಸೂಜಿ ಹಿಡಿದ ದಿನವೂ ಚೆನ್ನಾಗಿ ಬಾಳಿದ ದಿನವೇ.

ಇಂದು ಈ ಕಾಯಿಲೆಯೊಡನೆ ಬಾಳುವ ಹುಡುಗಿಯರು ಕರ್ನಾಟಕದ ಊರುಗಳಲ್ಲಿಯೂ ಇದ್ದಾರೆ. ಅವರಿಗಿರುವ ಅನುಕೂಲಗಳು ಎಲಿಜಬೆತ್‌ಳಿಗೆ ಇರಲಿಲ್ಲ. ಸೂಜಿಗಳು ಕೂದಲಿನಂತೆ ತೆಳುವಾಗಿವೆ. ಬೆರಳ ತುದಿಯ ಒಂದು ಹನಿ ರಕ್ತದಿಂದ ಕ್ಷಣದಲ್ಲಿ ಸಕ್ಕರೆಯ ಪ್ರಮಾಣ ತಿಳಿಯುತ್ತದೆ. ಪ್ರಾಣಿಗಳ ಗ್ರಂಥಿಗಳನ್ನು ಅವಲಂಬಿಸಬೇಕಾಗಿಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆಯೇ ಯೀಸ್ಟ್ ಕಣಗಳ ನೆರವಿನಿಂದ ತಯಾರಿಸಿದ ಇನ್ಸುಲಿನ್ 2004ರಲ್ಲಿ ಮಾರುಕಟ್ಟೆಗೆ ಬಂದಿತು. ಶೀತಕಪೆಟ್ಟಿಗೆಯಿಲ್ಲದ ಮನೆಗಳಲ್ಲಿ, ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಇನ್ನೊಂದು ಪುಟ್ಟ ಮಡಕೆಯಿಟ್ಟು, ಇನ್ಸುಲಿನ್ನನ್ನು ತಂಪಾಗಿ ಕಾಪಾಡುವ ಉಪಾಯವೂ ಇದೆ. ಯುಗಾದಿಯ ದಿನ ಒಬ್ಬಟ್ಟನ್ನು ಬರಿದೆ ನೋಡುತ್ತ ಕುಳಿತಿರಬೇಕಾದ ಕಾಲವೂ ಕಳೆಯಿತು. ವೈದ್ಯರು ಕಲಿಸಿದಂತೆ ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಇನ್ಸುಲಿನ್ ತೆಗೆದುಕೊಂಡು, ಹಿತಮಿತವಾಗಿ ತಿನ್ನಬಹುದು. 2017ರಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು ಇಂಥ ವಿದ್ಯಾರ್ಥಿಗಳು ಪರೀಕ್ಷೆಯ ಕೊಠಡಿಗೆ ಸಕ್ಕರೆಯ ಗುಳಿಗೆ, ಹಣ್ಣು, ನೀರು ಒಯ್ಯಲು ಅನುಮತಿ ನೀಡಿತು.

ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದುದು ಒಂದಿದೆ. 'ಯಾರ ಮುಂದೆಯೂ ಹೇಳಬೇಡ, ನಾಳೆ ಮದುವೆಗೆ ತೊಡಕಾದೀತು' ಎಂಬ ಪಿಸುಮಾತು ಇಂದಿಗೂ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಈ ಮಾತಿಗೆ ಅಂಜಿದ ಹುಡುಗಿ ನೆಂಟರ ಮನೆಯಲ್ಲಿ ಚುಚ್ಚುಮದ್ದನ್ನು ತಪ್ಪಿಸುತ್ತಾಳೆ. ಶಾಲೆಯಲ್ಲಿ ಕೈನಡುಗಿ ಬೆವರು ಸುರಿದರೂ ಬಾಯಿ ಬಿಡುವುದಿಲ್ಲ. ರಕ್ತದಲ್ಲಿ ಸಕ್ಕರೆ ಮಿತಿಮೀರಿ ಇಳಿದಾಗ ತೋರುವ ಲಕ್ಷಣಗಳಿವು. ಆಗ ತಡಮಾಡದೆ ಸಕ್ಕರೆಯನ್ನೋ ಗ್ಲೂಕೋಸನ್ನೋ ತಿನ್ನಿಸಿ, ಹಿರಿಯರನ್ನು ಕರೆದು, ಅವಳ ಬಳಿಯಲ್ಲಿಯೇ ಇರಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಇಷ್ಟನ್ನು ತಿಳಿದ ಗೆಳತಿಯೊಬ್ಬಳು ತರಗತಿಯಲ್ಲಿದ್ದರೆ ಜೀವವೊಂದು ಉಳಿದೀತು. ಆದರೆ ಕಾಯಿಲೆಯ ಸುಳಿವೇ ಇಲ್ಲದವರು ನೆರವಾಗುವುದಾದರೂ ಹೇಗೆ?

ಹೇಳಿಕೊಳ್ಳುವ ಧೈರ್ಯ ಹುಡುಗಿಗೆ ಇರಬೇಕೆಂದು ಉಪದೇಶಿಸುವುದು ಸುಲಭ. ಹೇಳಿದ ಮಾತನ್ನು ಕೇಳುವವರಿಗೂ ಒಂದು ಧರ್ಮವುಂಟು. ಅವಳು ಮಧ್ಯಾಹ್ನದ ಊಟಕ್ಕೆ ಮುನ್ನ ಸೂಜಿಯನ್ನು ತೆಗೆದಾಗ ಬೆರಗಾಗಿ ದಿಟ್ಟಿಸದಿರುವುದು, ಕನಿಕರ ಸುರಿಸದಿರುವುದು, ಗೇಲಿಮಾಡದಿರುವುದು, ಆಟಕ್ಕೂ ಪ್ರವಾಸಕ್ಕೂ ಅವಳನ್ನು ಎಲ್ಲರಂತೆ ಕರೆಯುವುದು, ಇವು ಯಾವ ಖರ್ಚೂ ಇಲ್ಲದ ಕೆಲಸಗಳು. ಕಾಯಿಲೆಯ ಪಾಲನ್ನು ಸಲ್ಲಿಸುವವಳು ಅವಳೊಬ್ಬಳೇ. ಬಾಳಿನ ಪಾಲನ್ನು ಅವಳೊಡನೆ ಹಂಚಿಕೊಳ್ಳಬೇಕಾದವರು ಹಲವರು. ಎಲಿಜಬೆತ್ ಬಚ್ಚಿಟ್ಟುಕೊಂಡ ಮಾತನ್ನು ಇಂದಿನ ಹುಡುಗಿ ಬಾಯಿಬಿಟ್ಟು ಆಡಬಲ್ಲಳೇ ಎಂಬುದು ಅವಳ ಕೆಚ್ಚಿನ ಮೇಲೆ ಎಷ್ಟು ನಿಂತಿದೆಯೋ, ಅವಳ ಪಕ್ಕದಲ್ಲಿ ಕುಳಿತವರ ಗುಣದ ಮೇಲೆಯೂ ಅಷ್ಟೇ ನಿಂತಿದೆ.